ಅಳತೆ ಪಕ್ಕಾ ಇದ್ದರೆ ಕಾಗದದ ವಿಮಾನ ನಿಜವಾದ ವಿಮಾನದಂತೆ ಹಾರುತ್ತದೆಯೇ?

ಹಳೆಯ ಕಾಲದ ಪುಟ್ಟ ವಿಮಾನದ ಭಾಗಗಳನ್ನು ಪ್ರಿಂಟ್ ತೆಗೆದು, ಕತ್ತರಿಸಿ, ಅಂಟಿಸಿ ಮಾಡಿದ ಮಾದರಿ ಕಂಡರೆ ಹೆಚ್ಚಿನವರು ಮೊದಲು ಕೇಳುವುದು ‘ಇದು ಹಾರುತ್ತಾ?’ ಎಂದು. ಅಳತೆ ಸರಿಯಿದ್ದರೆ ಹಾರಲೇಬೇಕು ಎಂಬ ನಂಬಿಕೆ ಸಹಜ. ಆದರೆ ಅದು ನಿಜವಲ್ಲ.

ಅಮೆರಿಕದ ಪೈಪರ್ ಜೆ-3 ಕಬ್ ವಿಮಾನವನ್ನೇ ನೋಡೋಣ. ಹಳದಿ ಬಣ್ಣ, ಮಗ್ಗುಲಲ್ಲಿ ಕಪ್ಪು ಮಿಂಚಿನ ಗೆರೆ, ಎರಡು ಸೀಟು. 1947ರವರೆಗೆ ತಯಾರಾಯಿತು. ರೆಕ್ಕೆ ತುದಿಯಿಂದ ತುದಿಗೆ 10.74 ಮೀಟರ್. ಕಾಗದದ ಮಾದರಿಗಳಿಗೆ ಹೆಚ್ಚಾಗಿ ಬಳಸುವ 1:33 ಪ್ರಮಾಣಕ್ಕೆ ಇಳಿಸಿದರೆ ಸುಮಾರು 32.5 ಸೆಂ.ಮೀ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಮಾತ್ರ, ಹಾಗಾಗಿ ಎಡ ಮತ್ತು ಬಲ ರೆಕ್ಕೆಗಳನ್ನು ಬೇರೆ ಬೇರೆಯಾಗಿ ಬಿಡಿಸಬೇಕು. ಅಂದಹಾಗೆ, ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ತೆಗೆದು 100% ಇಡಿ. ಒಂದು ಹಾಳೆ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಭಾಗಗಳು ಕೂಡುವುದೇ ಇಲ್ಲ.

ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಅದರಲ್ಲಿ ಕಡಲೆಕಾಯಿ ಪೊಟ್ಟಣ ಸುತ್ತಬಹುದು, ಚೆಂಡಿಗೆ ಸುತ್ತಿದರೆ ಸುಕ್ಕಾಗುತ್ತದೆ. ಕಬ್‌ನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ್ದು. ಪಕ್ಕಗಳು ಬಹುತೇಕ ಚಪ್ಪಟೆಯಾಗಿರುವುದರಿಂದ ಕಾಗದಕ್ಕೆ ಸುಲಭವಾಗಿ ಒಗ್ಗುತ್ತದೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಕೂಡ ಇದೇ ಬಗೆಯದು. ಕಷ್ಟವೆಲ್ಲ ದುಂಡು ಮೂತಿಯಲ್ಲಿ. ಅದನ್ನು ಹೂವಿನ ಎಸಳಿನಂತೆ ಸೀಳಿ ಜೋಡಿಸಬೇಕು. ವಿನ್ಯಾಸಕಾರರ ಕೈಚಳಕ ಅಳೆಯಲು ನಾವು ಬಣ್ಣಕ್ಕಿಂತ ಮೊದಲು ಮೂತಿಯನ್ನೇ ನೋಡುತ್ತೇವೆ.

ಈಗ ಹಾರಾಟದ ವಿಚಾರ. ಉದ್ದ 33 ಪಟ್ಟು ಇಳಿದರೆ ರೆಕ್ಕೆಯ ವಿಸ್ತೀರ್ಣ 1,089 ಪಟ್ಟು ಇಳಿಯುತ್ತದೆ, ಘನಗಾತ್ರ 35,937 ಪಟ್ಟು. ಖಾಲಿ ಕಬ್‌ನ ತೂಕ ಸುಮಾರು 345 ಕೆ.ಜಿ. ಘನಗಾತ್ರದ ಲೆಕ್ಕದಲ್ಲಿ ಮಾದರಿ 10 ಗ್ರಾಂಗಿಂತ ಕಡಿಮೆ ಇರಬೇಕು. ಆದರೆ 200 ಜಿಎಸ್‌ಎಂ ದಪ್ಪದ ಒಂದೇ ಒಂದು ಎ4 ಹಾಳೆ ಸುಮಾರು 12.5 ಗ್ರಾಂ ತೂಗುತ್ತದೆ! ಮಾದರಿಗೆ ಇಂಥ ಹಲವು ಹಾಳೆ ಬೇಕು. ಒಳಗೆ ರಟ್ಟು, ಜೊತೆಗೆ ಅಂಟು.

ತೂಕ ಹೆಚ್ಚಿದಷ್ಟೂ ಗಾಳಿಯಲ್ಲಿ ನಿಲ್ಲಲು ಹೆಚ್ಚು ವೇಗ ಬೇಕು. ಕೈಯಿಂದ ಎಸೆದ ವೇಗ ಕ್ಷಣದಲ್ಲಿ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸಮತೋಲನದ್ದು. ನಿಜವಾದ ಕಬ್‌ನ ಮೂತಿಯಲ್ಲಿ ಭಾರದ ಎಂಜಿನ್ ಇದೆ, ಕಾಗದದ ಮೂತಿ ಟೊಳ್ಳು. ಭಾರ ಹಿಂದಕ್ಕೆ ಸರಿದು, ಎಸೆದ ಮಾದರಿ ಮೂತಿ ಎತ್ತಿ ಧೊಪ್ಪನೆ ಬೀಳುತ್ತದೆ.

ಹಾರುವ ಕಾಗದದ ವಿಮಾನಗಳ ವಿನ್ಯಾಸವೇ ಬೇರೆ. ಜಪಾನಿನ ಯಾಸುಆಕಿ ನಿನೊಮಿಯಾ ರೂಪಿಸಿದ ಪ್ರಸಿದ್ಧ ಗ್ಲೈಡರ್‌ಗಳಲ್ಲಿ ಉಬ್ಬಿದ ಒಡಲೇ ಇಲ್ಲ. ಕಾಗದದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಚಪ್ಪಟೆ ಪಟ್ಟಿಯೇ ಅವುಗಳ ಒಡಲು.