ಕಟ್ಟಡ ಒಂದು, ಆಲ್ಬಂ ಎರಡು

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಮೊದಲ ಕಂತಿನ ಸೆಕ್ಷನ್‌ಗಳು ಜಾರಿಗೆ ಬಂದದ್ದು 2016ರ ಮೇ 1ರಂದು. ಉಳಿದವು ಬರಲು ಇನ್ನೊಂದು ವರ್ಷ ಹಿಡಿಯಿತು. ಕರ್ನಾಟಕದ ನಿಯಮಗಳು ಹೊರಬಿದ್ದದ್ದು 2017ರ ಜುಲೈನಲ್ಲಿ. ಈ ಹತ್ತು ವರ್ಷಗಳ ಲೆಕ್ಕ ಹಾಕುವವರು ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂಬಲ್ಲಿಂದ ಶುರು ಮಾಡುವುದು ವಾಡಿಕೆ. ಅದನ್ನು ಬಿಟ್ಟು ವಾರಾಂತ್ಯದ ಪತ್ರಿಕೆಯ ಮುಖಪುಟವನ್ನೇ ಮುಚ್ಚಿಹಾಕುವ ಜಾಹೀರಾತನ್ನು ನೋಡೋಣ. ಇನ್ನೂ ಪಾಯವನ್ನೇ ತೋಡದ ಕಟ್ಟಡದ ಚಿತ್ರ ಈ ಹತ್ತು ವರ್ಷದಲ್ಲಿ ಎಷ್ಟು ಬದಲಾಗಿದೆ?

ಬಹಳವೇನೂ ಇಲ್ಲ. ಚಿತ್ರದಲ್ಲಿ ಈಗಲೂ ಹೊತ್ತು ಮುಸ್ಸಂಜೆ. ಒಂದೊಂದು ಕಿಟಕಿಯಲ್ಲೂ ದೀಪ ಉರಿಯುತ್ತದೆ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಮಾತ್ರ ಎಲ್ಲೂ ಕಾಣವು. ಪಕ್ಕದ ಗ್ಯಾರೇಜು, ಹಿಂದಿನ ಕಲ್ಯಾಣ ಮಂಟಪ, ಎದುರಿನ ರಾಜಕಾಲುವೆ ಅಳಿಸಿಹೋಗಿ ಅಲ್ಲೆಲ್ಲ ಹಸಿರು ತುಂಬಿರುತ್ತದೆ. ಕೀಲಿ ಕೊಡುವ ದಿನಕ್ಕೇ ಮೂರನೇ ಮಹಡಿ ಮುಟ್ಟಿದ ತಾಳೆ ಮರಗಳು. ರಸ್ತೆಗೆ ಎರಡೇ ಕಾರು. ನಾಯಿ ಹಿಡಿದು ಅಡ್ಡಾಡುವ ದಂಪತಿ ಯಾವ ದೇಶದವರೋ, ಸರ್ಜಾಪುರ ರಸ್ತೆಯವರಂತೂ ಅಲ್ಲ. ಇಷ್ಟೆಲ್ಲ ಆದ ಮೇಲೆ ಅಂಚಿನಲ್ಲಿ, ಪುಟವನ್ನು ಅಡ್ಡ ತಿರುಗಿಸಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಇದು ಕಲಾವಿದನ ಕಲ್ಪನೆ ಎಂಬ ಒಂದು ಸಾಲು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕಟ್ಟದ ಮನೆಯನ್ನು ಚಿತ್ರದಲ್ಲಲ್ಲದೆ ಬೇರೆಲ್ಲೂ ತೋರಿಸಲಾಗದು. ಬಿಲ್ಡರ್‌ಗೆ ಕೆಲಸ ಸಾಗಲು ಕಂತಿನ ಹಣ ಬೇಕು, ಕೊಳ್ಳುವವರಿಗೆ ಸ್ವಲ್ಪ ಕಡಿಮೆ ಬೆಲೆ ಬೇಕು. ಈ ವ್ಯಾಪಾರ ನಿಂತಿರುವುದೇ ಹಾಗೆ. ನಮ್ಮ ತಕರಾರು ಬೇರೆ. ಆ ಚಿತ್ರ ನಂಬಿ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವರಿಗೆ ಕಟ್ಟಡದ ನಿಜವಾದ ಚಿತ್ರ ಅಷ್ಟೇ ಸಲೀಸಾಗಿ ಸಿಗುತ್ತಿಲ್ಲ.

2016ಕ್ಕೆ ಮೊದಲಿನ ಕಾಲ ನೆನಪಿರುವವರಿಗೆ ಪ್ರೀ-ಲಾಂಚ್ ಎಂಬ ಮಾತೂ ನೆನಪಿರುತ್ತದೆ. ನಕ್ಷೆಗೆ ಮಂಜೂರಾತಿ ಇಲ್ಲ, ಕೆಲವೆಡೆ ಜಮೀನಿನ ಭೂಪರಿವರ್ತನೆಯೂ ಆಗಿಲ್ಲ. ಆದರೂ ಶಾಮಿಯಾನದ ಕೆಳಗೆ ಥರ್ಮಾಕೋಲ್ ಮಾದರಿ, ಹೊಳೆಯುವ ಬ್ರೋಷರ್, ಚೆಕ್ ಇಸಿದುಕೊಳ್ಳಲು ಒಂದು ಮೇಜು. ಫ್ಲ್ಯಾಟ್ ಕಟ್ಟಿ ಮಾರುವವರನ್ನು ಅಂಕೆಯಲ್ಲಿಡಲು ರಾಜ್ಯದಲ್ಲಿ 1972ರಿಂದಲೇ ಒಂದು ಕಾಯ್ದೆ ಇತ್ತು. ಅದಕ್ಕೆ ಹೆದರಿದವರು ಕಡಿಮೆ. ಬ್ರೋಷರ್ ಬರೆಯುವವರಿಗೆ ಆಗ ಕೆರೆಯೆಂದರೆ ಪ್ರಾಣ. ಬೆಳ್ಳಂದೂರು ಸುತ್ತಮುತ್ತ ‘ಲೇಕ್ ವ್ಯೂ’ ಎಂದರೆ ದರ ತಾನಾಗಿ ಏರುತ್ತಿತ್ತು, ಚಿತ್ರದ ನೀರು ನೀಲಿಯಾಗಿರುತ್ತಿತ್ತು. ಅದೇ ಕೆರೆ ನೊರೆಯುಕ್ಕಿಸಿ ರಸ್ತೆಗೆ ಬಂತು, 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಹೊತ್ತಿ ಉರಿಯಿತು. ಬಾಲ್ಕನಿಯಿಂದ ಕೆರೆ ಕಾಣುತ್ತದೆ ಎಂಬ ಮಾತು ಮಾತ್ರ ಸುಳ್ಳಾಗಲಿಲ್ಲ.

ಹೊಸ ಕಾಯ್ದೆ ಇದಕ್ಕೆಲ್ಲ ಬೇಲಿ ಹಾಕಿತು. ಅದರ ಪಾಲಿನ ಶ್ರೇಯ ಅದಕ್ಕೆ ಸಲ್ಲಬೇಕು. 500 ಚದರ ಮೀಟರ್ ಅಥವಾ ಎಂಟು ಫ್ಲ್ಯಾಟ್ ಮೀರಿದ ಯೋಜನೆ ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು. ಕರಾರುಪತ್ರವಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸೂಪರ್ ಬಿಲ್ಟಪ್ ಎಂಬ ಮಾಯಾ ಅಳತೆಯ ಜಾಗಕ್ಕೆ ಕಾರ್ಪೆಟ್ ಏರಿಯಾ ಬಂತು. ಚಿತ್ರದ ಮಟ್ಟಿಗೆ ಮುಖ್ಯವಾದದ್ದು ಸೆಕ್ಷನ್ 12: ಜಾಹೀರಾತು, ಬ್ರೋಷರ್ ಅಥವಾ ಮಾದರಿ ಫ್ಲ್ಯಾಟ್‌ನಲ್ಲಿದ್ದ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು, ಯೋಜನೆಯೇ ಬೇಡವೆಂದರೆ ಕೊಟ್ಟದ್ದಷ್ಟನ್ನೂ ಬಡ್ಡಿ ಸಮೇತ ವಾಪಸ್ ಪಡೆಯಬಹುದು.

ಮಾದರಿ ಫ್ಲ್ಯಾಟ್ ಎಂಬ ಪದ ಕಾಯ್ದೆಯೊಳಗೆ ಬಂದದ್ದು ಸುಮ್ಮನೆ ಅಲ್ಲ. ಈ ಕಸುಬಿನ ಜಾಣತನವೆಲ್ಲ ಅಲ್ಲಿದೆ. ಒಳಗೆ ಹೋದವರು ಬಾಗಿಲುಗಳನ್ನು ಎಣಿಸಿ ನೋಡಿ: ಮುಂಬಾಗಿಲು ಬಿಟ್ಟರೆ ಬಹುಪಾಲು ಬಾಗಿಲುಗಳಿಗೆ ರೆಕ್ಕೆಯೇ ಇರುವುದಿಲ್ಲ. ತೆರೆದ ಬಾಗಿಲು ಜಾಗ ತಿನ್ನುತ್ತದಲ್ಲ. ಮಂಚ ಆರಡಿ ಮನುಷ್ಯ ಮಲಗುವಂಥದ್ದಲ್ಲ, ಅಳತೆ ತಗ್ಗಿಸಿ ಮಾಡಿಸಿದ್ದು. ಬೀರು ಇಡಬೇಕಾದ ಗೋಡೆಗೆ ನೆಲದಿಂದ ಸೂರಿನವರೆಗೆ ಕನ್ನಡಿ. ಅಡುಗೆಮನೆಯಲ್ಲಿ ಸಿಲಿಂಡರ್ ಇಲ್ಲ, ಬಚ್ಚಲಲ್ಲಿ ಬಕೆಟ್ ಇಲ್ಲ. ಇದನ್ನು ವೈಡ್ ಆಂಗಲ್ ಲೆನ್ಸ್‌ನಲ್ಲಿ, ಮೂಲೆಗೆ ಬೆನ್ನು ಆನಿಸಿ, ಸೊಂಟದ ಎತ್ತರಕ್ಕೆ ಕ್ಯಾಮೆರಾ ಹಿಡಿದು ತೆಗೆದರೆ ಹತ್ತು ಅಡಿಯ ಕೋಣೆ ಹಜಾರವಾಗುತ್ತದೆ. ದುಬೈ, ನ್ಯೂಜೆರ್ಸಿಯಲ್ಲಿ ಕೂತು ವಾಟ್ಸ್ಆ್ಯಪ್‌ನಲ್ಲೇ ಮನೆ ನೋಡುವ ನಮ್ಮವರಿಗೆ ತಲುಪುವುದು ಇದೇ ಹಜಾರ.

ನ್ಯಾಯಾಲಯಗಳೂ ಇದನ್ನು ಗಮನಿಸಿವೆ. ಬೆಂಗಳೂರಿನ ಬೇಗೂರಿನ ಒಂದು ದೊಡ್ಡ ವಸತಿ ಸಮುಚ್ಚಯದ 339 ಖರೀದಿದಾರರು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು. ಕೀಲಿ ಸಿಕ್ಕಿದ್ದು ತಡವಾಗಿ ಎಂಬುದು ಒಂದು ದೂರು. ಬ್ರೋಷರ್‌ನಲ್ಲಿದ್ದ ಶಾಲೆ, ಅಂಗಡಿ, ಆರೋಗ್ಯ ಕೇಂದ್ರ ನೆಲದ ಮೇಲೆ ಇಲ್ಲ ಎಂಬುದು ಇನ್ನೊಂದು. ರಾಷ್ಟ್ರೀಯ ಗ್ರಾಹಕ ಆಯೋಗ ಅವರ ದೂರನ್ನು ತಳ್ಳಿಹಾಕಿತ್ತು. 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಬದಿಗೊತ್ತಿ, ಕರಾರಿನಲ್ಲಿದ್ದ ಚದರಡಿಗೆ ಐದು ರೂಪಾಯಿಯ ಪುಡಿಗಾಸಿನ ಜೊತೆಗೆ ವಾರ್ಷಿಕ ಶೇ 6ರ ಬಡ್ಡಿ ಪರಿಹಾರ ಕೊಡಿಸಿತು. ತೋರಿಸಿ ಮಾರಿದ ಸೌಕರ್ಯಕ್ಕೆ ಮಾರಿದವರೇ ಹೊಣೆ ಎಂಬ ಮಾತು ಅಂದು ಗಟ್ಟಿಯಾಯಿತು. ಹಾಗೆಂದು ಎಲ್ಲರೂ ದಿಲ್ಲಿವರೆಗೆ ಹೋಗಲಾರರು. ರೇರಾದಲ್ಲಿ ಗೆದ್ದವರ ಪಾಡೂ ಸುಖದ್ದಲ್ಲ: ಮರುಪಾವತಿಯ ಆದೇಶ ಕೈಗೆ ಸಿಗುತ್ತದೆ, ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕಾದ ತಹಶೀಲ್ದಾರ್ ಕಚೇರಿಗೆ ಅಲೆಯುವುದು ಆಮೇಲಿನ ಕೆಲಸ.

ಜನರಿಗೆ ಹೆಚ್ಚು ಗೊತ್ತಿಲ್ಲದ ಒಂದು ಸಂಗತಿ ಇದೆ. ಕಾಯ್ದೆ ಪ್ರತಿ ಯೋಜನೆಗೂ ಇನ್ನೊಂದು ಆಲ್ಬಂ ತೆರೆಸಿದೆ. ಬಿಲ್ಡರ್ ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಕೆಲಸದ ಪ್ರಗತಿ ತಿಳಿಸಬೇಕು. ಒಂದೊಂದು ಕಟ್ಟಡ, ಒಂದೊಂದು ಮಹಡಿ, ಒಳಗಿನ ಸಾಮಾನ್ಯ ಸೌಕರ್ಯಗಳ ಸ್ಥಿತಿಯನ್ನು ಫೋಟೊ ಸಮೇತ ತೋರಿಸಬೇಕು ಎನ್ನುತ್ತವೆ ನಿಯಮಗಳು. ಇಲ್ಲಿ ಮುಸ್ಸಂಜೆಯಿಲ್ಲ. ತುಕ್ಕು ಹಿಡಿದ ಸರಳು, ಸೆಂಟ್ರಿಂಗ್ ಹಲಗೆ, ನಿಂತ ನೀರು, ಅರ್ಧಕ್ಕೆ ನಿಂತ ಲಿಫ್ಟ್ ಗುಂಡಿ. ಕೊಳ್ಳುವವರು ನೋಡಬೇಕಾದದ್ದು ಇದನ್ನೇ. ಆದರೆ ಹುಡುಕಿ ತೆರೆಯುವವರು ಬೆರಳೆಣಿಕೆ; ತೆರೆದವರಿಗೂ ಗೇಟಿನಿಂದ ತೆಗೆದ ಒಂದೇ ಕೋನದ, ತಾರೀಖಿಲ್ಲದ ಮಸುಕು ಫೋಟೊ ಸಿಕ್ಕರೆ ಆಶ್ಚರ್ಯವಿಲ್ಲ. ಬ್ರೋಷರ್‌ಗೆ ದುಬಾರಿ ಸ್ಟುಡಿಯೊ, ಪ್ರಾಧಿಕಾರಕ್ಕೆ ಸೂಪರ್‌ವೈಸರ್‌ನ ಮೊಬೈಲು. ಹೀಗಾಗಿ ಖರೀದಿದಾರರೇ ಗುಂಪು ಕಟ್ಟಿಕೊಂಡು, ಭಾನುವಾರಕ್ಕೊಬ್ಬರಂತೆ ಸೈಟಿಗೆ ಹೋಗಿ, ವಾಚ್‌ಮನ್‌ಗೆ ನಮಸ್ಕಾರ ಹಾಕಿ ಫೋಟೊ ತರುತ್ತಾರೆ. ನಿಯಮ ಮಾಡಿಸಬೇಕಿದ್ದ ಕೆಲಸವನ್ನು ಇಎಂಐ ಕಟ್ಟುವವರು ಮಾಡಿಕೊಳ್ಳುತ್ತಿದ್ದಾರೆ.

ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ. ಗಾರೆ ಕಾಣದ ಬರೀ ಕಾಂಕ್ರೀಟ್ ಕೋಣೆಯ ಫೋಟೊಗೆ ನಿಮಿಷದೊಳಗೆ ಸೋಫಾ, ಪರದೆ, ಬಿಸಿಲು ಬರುತ್ತದೆ. ಹಳೆಯ ರೆಂಡರ್ ನೋಡಿದರೆ ಬಿಡಿಸಿದ್ದೆಂದು ಗೊತ್ತಾಗುತ್ತಿತ್ತು. ಇದು ನಿಜವಾದ ಫೋಟೊದಂತೆಯೇ ಕಾಣುತ್ತದೆ. ಸಣ್ಣ ಅಕ್ಷರದ ಆಸರೆ ಇಲ್ಲಿ ಇನ್ನಷ್ಟು ಅಪಾಯ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಲ್ಲಿ ಷರಾ ಎದ್ದು ಕಾಣುವಂತಿರಬೇಕು, ಜಾಹೀರಾತಿನ ಭಾಷೆಯಲ್ಲೇ, ಅದೇ ಅಕ್ಷರ ವಿನ್ಯಾಸದಲ್ಲೇ ಇರಬೇಕು ಎಂದಿದೆ. ಕನ್ನಡ ಪತ್ರಿಕೆಯ ಕನ್ನಡ ಜಾಹೀರಾತಿನಡಿ ಇಂಗ್ಲಿಷ್ ಷರಾ ಕಂಡವರಿಗೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಮಾರಾಟ ನಡೆದಿರುವಷ್ಟು ದಿನ, ಪ್ರತಿ ಜಾಹೀರಾತಿನಲ್ಲೂ ಕಲ್ಪನೆಯ ಚಿತ್ರದ ಪಕ್ಕದಲ್ಲಿ ಅಷ್ಟೇ ಅಳತೆಯ ಇನ್ನೊಂದು ಚಿತ್ರ ಇರಲಿ: ಕಳೆದ ತ್ರೈಮಾಸಿಕದಲ್ಲಿ ಸೈಟಿನಲ್ಲೇ ತೆಗೆದದ್ದು, ತಾರೀಖು ಹೊತ್ತದ್ದು. ಖಾಲಿ ಹೊಲವಾದರೆ ಖಾಲಿ ಹೊಲವೇ ಬರಲಿ. ಇದಕ್ಕೆ ಸಂಸತ್ತಿಗೆ ಹೋಗಬೇಕಾಗಿಲ್ಲ; ಸೆಕ್ಷನ್ 37ರಡಿ ಬಿಲ್ಡರ್‌ಗಳಿಗೆ ನಿರ್ದೇಶನ ಕೊಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಮಹಾರಾಷ್ಟ್ರದ ಪ್ರಾಧಿಕಾರ 2023ರ ಆಗಸ್ಟ್ 1ರಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ದೂ ತನ್ನದೇ ಆದೇಶದಿಂದ.