ಸೋತ ರಾತ್ರಿಯೇ ಕೋಚ್ ತಲೆ ಕೇಳೋರಿಗೆ

1/7
ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಪೋಸ್ಟ್. ಟೀಮ್ ಸೋತ ಹತ್ತೇ ನಿಮಿಷದಲ್ಲಿ "ಕೋಚ್‌ನ ಕಿತ್ತಾಕಿ" ಅಂತ ಕಮೆಂಟ್ ಹಾಕೋ ಪ್ರತಿಯೊಬ್ಬರ ಜೊತೆಗೂ. ಎನ್‌ವೈ ಅಂತ ಬರೆದಿರೋ ನೀಲಿ ಕ್ಯಾಪ್ ಹಾಕ್ಕೊಂಡು ಓಡಾಡ್ತೀರಲ್ಲ, ಅದು ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ಟೀಮ್‌ದು. ಇವತ್ತು ಅದರ ಕಥೆಯನ್ನೂ ಕೇಳಿ.

2/7
ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದ್ರೆ ಆಫೀಸಲ್ಲಿ ಕೂತು ಸಹಿ ಹಾಕೋನಲ್ಲ. ನಮ್ಮ ಕೋಚ್ ಮತ್ತು ಕ್ಯಾಪ್ಟನ್ ಇಬ್ಬರ ಕೆಲಸವೂ ಅವನ ತಲೆ ಮೇಲೆ. ಯಾರು ಮೊದಲು ಬ್ಯಾಟ್ ಹಿಡೀಬೇಕು, ದಣಿದ ಪಿಚರ್‌ನ ಯಾವಾಗ ವಾಪಸ್ ಕರೀಬೇಕು, ಎಲ್ಲ ಅವನದೇ ತೀರ್ಮಾನ.
ಈಗ ಲೆಕ್ಕ ನೋಡಿ. ಯಾಂಕೀಸ್ ಗೆದ್ದ ವರ್ಲ್ಡ್ ಸೀರೀಸ್ 27. ಅದರಲ್ಲಿ 21 ಬರೀ ನಾಲ್ಕು ಮ್ಯಾನೇಜರ್‌ಗಳ ಕಾಲದ್ದು: ಮಿಲ್ಲರ್ ಹಗಿನ್ಸ್ 3, ಜೋ ಮೆಕಾರ್ಥಿ 7, ಕೇಸಿ ಸ್ಟೆಂಗಲ್ 7, ಜೋ ಟೋರಿ 4. ಒಬ್ಬೊಬ್ಬರೂ ಹನ್ನೆರಡು ಸೀಸನ್ ಅಥವಾ ಅದಕ್ಕಿಂತ ಹೆಚ್ಚು ಆ ಜಾಗದಲ್ಲಿದ್ದವರು.

3/7
"ಗೆದ್ದರು, ಅದಕ್ಕೇ ಉಳಿಸ್ಕೊಂಡ್ರು" ಅಂತೀರಾ? ಹಗಿನ್ಸ್‌ನ ನೋಡಿ. 1921, 1922, ಎರಡು ಸಲವೂ ಫೈನಲ್‌ನಲ್ಲಿ ಸೋಲು. ಮಾಲೀಕರು ಇಬ್ಬರು. ಹಸ್ಟನ್ "ಇವನು ಬೇಡ" ಅಂದ. ರುಪರ್ಟ್ ಮ್ಯಾನೇಜರ್‌ನ ಕಳಿಸಲಿಲ್ಲ, 1923ರಲ್ಲಿ ಪಾಲುದಾರನ ಷೇರನ್ನೇ ಕೊಂಡುಕೊಂಡ! ಅದೇ ವರ್ಷ ಯಾಂಕೀಸ್‌ಗೆ ಮೊದಲ ವರ್ಲ್ಡ್ ಸೀರೀಸ್.
1925ರಲ್ಲಿ ಟೀಮ್ ಎಂಟರಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. ಶಿಸ್ತು ಮುರಿದ ಸೂಪರ್‌ಸ್ಟಾರ್ ಬೇಬ್ ರೂತ್‌ಗೆ ಹಗಿನ್ಸ್ 5,000 ಡಾಲರ್ ದಂಡ ಹಾಕಿ ಸಸ್ಪೆಂಡ್ ಮಾಡಿದ. ರುಪರ್ಟ್ ಆಗಲೂ ನಿಂತಿದ್ದು ಮ್ಯಾನೇಜರ್ ಪರ. ಆಮೇಲೆ 1927, 1928ರಲ್ಲಿ ಸಾಲಾಗಿ ಎರಡು ಕಿರೀಟ.

4/7
ಸ್ಟೆಂಗಲ್ ಯಾಂಕೀಸ್‌ಗೆ ಬರೋ ಮೊದಲು ಬ್ರೂಕ್ಲಿನ್, ಬಾಸ್ಟನ್ ಟೀಮ್‌ಗಳಲ್ಲಿ ಒಟ್ಟು ಒಂಬತ್ತು ಸೀಸನ್ ಮ್ಯಾನೇಜರ್. ಒಂದು ಸಲವೂ ಐದನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಇವತ್ತಾಗಿದ್ರೆ ನೀವೇ ಮೀಮ್ ಮಾಡ್ತಿದ್ರಿ. ಅವನೇ 1949ರಿಂದ 1953ರವರೆಗೆ ಸತತ ಐದು ಸಲ ಗೆಲ್ಲಿಸಿದ. ಟೋರಿಯನ್ನೂ ಮೂರು ಟೀಮ್‌ಗಳು ಕೈಬಿಟ್ಟಿದ್ದವು.

5/7
ಈಗ ನಿಮ್ಮ ಹೀರೊ, ಜಾರ್ಜ್ ಸ್ಟೈನ್‌ಬ್ರೆನರ್. 1973ರಲ್ಲಿ ಟೀಮ್ ಕೊಂಡ, ಮೊದಲ 23 ಸೀಸನ್‌ಗಳಲ್ಲಿ 20 ಸಲ ಮ್ಯಾನೇಜರ್ ಬದಲಿಸಿದ. ಬಿಲ್ಲಿ ಮಾರ್ಟಿನ್ ಒಬ್ಬನೇ ಐದು ಸಲ ಬಂದ, ಐದು ಸಲ ಹೋದ. 1982ರ ಒಂದೇ ಸೀಸನ್‌ನಲ್ಲಿ ಮೂವರು! 1980ರಲ್ಲಿ ಡಿಕ್ ಹೌಸರ್ 103 ಪಂದ್ಯ ಗೆಲ್ಲಿಸಿದ್ದ. ಪ್ಲೇಆಫ್‌ನಲ್ಲಿ ಸೋತ, ಸೀಟು ಹೋಯ್ತು. ಐದು ವರ್ಷ ಬಿಟ್ಟು ಅದೇ ಹೌಸರ್ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ.
1985ರಲ್ಲಿ ಯೋಗಿ ಬೆರಾನ 16 ಪಂದ್ಯಕ್ಕೇ ತೆಗೆದರು, ಸುದ್ದಿ ಹೇಳೋಕೆ ಮಾಲೀಕ ಬೇರೆಯವರನ್ನ ಕಳಿಸಿದ. ಆ ಸ್ಟೇಡಿಯಂಗೆ ಆಡಿ ಬೆಳೆದ ಬೆರಾ, 14 ವರ್ಷ ಅಲ್ಲಿಗೆ ಕಾಲಿಡಲಿಲ್ಲ.

6/7
ನ್ಯಾಯವಾಗಿ ಹೇಳ್ತೀನಿ: 1977, 1978ರಲ್ಲಿ ಈ ಗಲಾಟೆ ಮಧ್ಯೆಯೂ ಗೆದ್ದರು. ಆದರೆ 1979ರಿಂದ 1995ರವರೆಗೆ ಎಷ್ಟು ಗೊತ್ತಾ? ಸೊನ್ನೆ. ದುಡ್ಡಿತ್ತು, ಸ್ಟಾರ್‌ಗಳಿದ್ದರು, ತಾಳ್ಮೆ ಇರಲಿಲ್ಲ. 1996ರಲ್ಲಿ ಟೋರಿ ಬಂದ, ಹನ್ನೆರಡು ಸೀಸನ್ ಉಳಿದ. ಹನ್ನೆರಡರಲ್ಲೂ ಪ್ಲೇಆಫ್.

7/7
ಯಾರನ್ನೂ ಯಾವತ್ತೂ ತೆಗೀಬಾರದು ಅಂತ ನಾನು ಹೇಳ್ತಿಲ್ಲ. ಸೋತ ರಾತ್ರಿಯ ಸಿಟ್ಟಲ್ಲಿ ತೆಗೀಬೇಡಿ ಅಂತಿದೀನಿ. ಹೋದ ವರ್ಷ ನಮ್ಮ ಕಾಲೇಜ್ ಟೀಮ್ ಮೊದಲ ರೌಂಡಲ್ಲೇ ಸೋತಾಗ "ಕ್ಯಾಪ್ಟನ್ ಬದಲಿಸಿ" ಅಂತ ಗ್ರೂಪಲ್ಲಿ ಕೂಗಿದವರಲ್ಲಿ ನಾನೂ ಒಬ್ಬ. ಬದಲಿಸಿದ್ರು. ಈ ವರ್ಷವೂ ಮೊದಲ ರೌಂಡೇ. ಹಳೇ ಕ್ಯಾಪ್ಟನ್ ಈಗ ಗ್ರೌಂಡ್ ಕಡೆಗೇ ಬರ್ತಿಲ್ಲ.
ಬಿಕಾಂನಲ್ಲಿ ಮಷೀನ್‌ಗೆ ಹತ್ತು ವರ್ಷ ಡಿಪ್ರಿಸಿಯೇಷನ್ ಹಾಕೋದು ಕಲಿತೀವಿ. ಮನುಷ್ಯನನ್ನ ಮಾತ್ರ ಒಂದೇ ರಾತ್ರಿಗೆ ರೈಟ್ ಆಫ್ ಮಾಡ್ತೀವಿ.
ಒಪ್ಪಲ್ವಾ? ಕಮೆಂಟಲ್ಲಿ ಬನ್ನಿ. ಆದ್ರೆ ಲೆಕ್ಕ ತಗೊಂಡು ಬನ್ನಿ.

#ಯಾಂಕೀಸ್ #ಬೇಸ್‌ಬಾಲ್ #ಕನ್ನಡದಲ್ಲಿ_ಕ್ರೀಡೆ