ಮೊಣಕಾಲಿನ ಕೆಳಗಿನ ಬುದ್ಧಿ

ಎತ್ತರದವರ ಬುದ್ಧಿ ಮೊಣಕಾಲಿನಲ್ಲಿ ಎಂಬ ಮಾತು ಕನ್ನಡ ನಾಡಿನಲ್ಲಿ ಬಹು ದಿನದಿಂದ ನಡೆದುಬಂದಿದೆ. ಅದನ್ನು ಹುಟ್ಟಿಸಿದವರು ಕುಳ್ಳರೇ ಆಗಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳದೆ ಒಳಗೆ ಬರಬಲ್ಲವನು, ತಾಗಿಸಿಕೊಂಡು ಹಣೆ ತಿಕ್ಕಿಕೊಳ್ಳುವವನನ್ನು ಕಂಡು ಸಮಾಧಾನಪಟ್ಟುಕೊಂಡ ಬಗೆ ಅದು. ಆದರೆ ನಗೆಗೆಂದು ಹುಟ್ಟಿದ ಈ ಮಾತು ಅಕ್ಷರಶಃ ನಿಜವಾಗಿ ಪರಿಣಮಿಸುವ ವ್ಯಾಪಾರವೊಂದು ಜಗತ್ತಿನಲ್ಲಿ ಉಂಟು. ಅಮೆರಿಕದ ವೃತ್ತಿನಿರತ ಬಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ, ನಡೆಸುವ ಹೊಸ ಆಟಗಾರರ ಆಯ್ಕೆಯೇ ಅದು. ಅದನ್ನು ಡ್ರಾಫ್ಟ್ ಎಂದು ಕರೆಯುತ್ತಾರೆ. ಆ ಆಯ್ಕೆಗೆ ಮುನ್ನ ಏಳಡಿಯ ತರುಣರನ್ನು ನಿಲ್ಲಿಸಿ, ನಡೆಸಿ, ಹಾರಿಸಿ ನೋಡುವವರು ಹುಡುಕುವುದೇ ಮೊಣಕಾಲಿನ ಕೆಳಗಿರುವ ಬುದ್ಧಿಯನ್ನು.

ಈ ಪರೀಕ್ಷೆಯ ಮರ್ಮವನ್ನು ತಿಳಿಯಲು ಸಮುದ್ರ ದಾಟಬೇಕಾಗಿಲ್ಲ. ಗದಗಿನ ಮಗ್ಗುಲಿಗಿರುವ ನಾಗಾವಿಯಂಥ ಊರಿನ ಅನುಭವಸ್ಥ ರೈತನೊಬ್ಬನ ಸಂಗಡ ಒಂದು ದಿನ ಎತ್ತಿನ ಸಂತೆಗೆ ಹೋಗಿಬಂದರೆ ಸಾಕು. ಈಗ ನಾಗಾವಿಯೆಂದರೆ ಜನಕ್ಕೆ ನೆನಪಾಗುವುದು ಅಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಆದರೆ ಆ ಸೀಮೆಯ ಎರೆಹೊಲಗಳಲ್ಲಿ ದುಡಿದವರ ವಿದ್ಯೆ ವಿಶ್ವವಿದ್ಯಾಲಯಕ್ಕಿಂತ ಬಹಳ ಹಳೆಯದು. ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಅನಂತರ ಸುಳಿ, ಹೆಗಲು, ಗೊರಸು. ಕಡೆಯಲ್ಲಿ ನಡಿಗೆ. ಮೊದಲ ಸಲ ಸಂತೆಗೆ ಬಂದ ಸೋದರಳಿಯನು ಎತ್ತಿನ ಗಾತ್ರಕ್ಕೆ ಮರುಳಾಗಿ, “ಮಾವಾ, ಮೈ ನೋಡ್ರಿ, ಆನಿ ಇದ್ದಂಗ ಐತಿ” ಎಂದರೆ, ಮಾವನು ಕೊಡುವ ಉತ್ತರ ಸಾಮಾನ್ಯವಾಗಿ ಇಷ್ಟೆ: “ಮೈ ಏನ್ ನೋಡ್ತೀಯೋ ತಮ್ಮಾ? ನಾಕ್ ಹೆಜ್ಜಿ ನಡಸು, ಆಮ್ಯಾಲ ಮಾತಾಡು.” ಏಳಡಿಯ ಆಳಿನ ವಿಷಯದಲ್ಲಿ ಅಮೆರಿಕದ ಪರೀಕ್ಷಕರು ಕಲಿತ ಪಾಠವೂ ಇದೇ. ಅವರು ಅದನ್ನು ಕಲಿತದ್ದು ಮಾತ್ರ ಬಹಳ ದುಬಾರಿಯ ಶಾಲೆಯಲ್ಲಿ.

ಇಷ್ಟಕ್ಕೂ ಈ ಆಟದಲ್ಲಿ ಎತ್ತರಕ್ಕೆ ಅಷ್ಟು ಬೆಲೆ ಏಕೆ? 1891ರ ಡಿಸೆಂಬರಿನಲ್ಲಿ ಮಸಾಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು, ಚಳಿಗಾಲದಲ್ಲಿ ಬಯಲಿಗಿಳಿಯಲಾರದ ತರುಣರಿಗಾಗಿ ಈ ಆಟವನ್ನು ಕಲ್ಪಿಸಿದನು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಹೊಡೆಸಿದನು. ಆ ಕಟಕಟೆಯ ಎತ್ತರ 10 ಅಡಿ ಇದ್ದಿತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಆ 10 ಅಡಿ ಹಾಗೆಯೇ ಉಳಿಯಿತು. ಐದೂವರೆ ಅಡಿಯವನಿಗೆ ಆಕಾಶದಲ್ಲಿರುವ ಬಳೆ, ಏಳಡಿಯವನು ಕೈಯೆತ್ತಿದರೆ ಗೇಣಿನ ದೂರದಲ್ಲಿರುತ್ತದೆ. ಎದುರಾಳಿಯ ಚೆಂಡನ್ನು ಬಳೆಯ ಬಳಿಯಲ್ಲಿ ತಡೆಯುವುದಕ್ಕೂ, ಗುರಿ ತಪ್ಪಿ ಪುಟಿದುಬಂದ ಚೆಂಡನ್ನು ಕಸಿಯುವುದಕ್ಕೂ ಅವನೇ ಬೇಕು. ಚುರುಕಿನ ಆಳನ್ನು ತಯಾರಿಸಬಹುದು, ಎತ್ತರದ ಆಳನ್ನು ತಯಾರಿಸಲಾಗದು ಎಂಬ ನಂಬಿಕೆ ಈ ಆಟದ ಶಿಕ್ಷಕರಲ್ಲಿ ಬೇರೂರಿದ್ದುದು ಇದರಿಂದಲೇ.

ಡ್ರಾಫ್ಟಿನ ಕ್ರಮವೂ ಈ ಆಸೆಗೆ ನೀರೆರೆಯುವಂತಿದೆ. ತಂಡಗಳು ಮೂವತ್ತು, ಸುತ್ತುಗಳು ಎರಡು, ಒಟ್ಟಿನಲ್ಲಿ ಸುಮಾರು 60 ಹೆಸರುಗಳು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಇದಕ್ಕಾಗಿ 1985ರಿಂದ ಲಾಟರಿ ಎತ್ತುವ ಪದ್ಧತಿ ಬಂದಿದೆ. ಸೋತವನಿಗೆ ಆತುರ ಹೆಚ್ಚು. ಆತುರದವನ ಕಣ್ಣಿಗೆ ಎತ್ತರವೇ ಮೊದಲು ಬೀಳುವುದು. ಮಿಕ್ಕ ಗುಣಗಳನ್ನು ಊಹಿಸಬೇಕು. ಎತ್ತರವನ್ನಾದರೋ ಗೋಡೆಗೆ ನಿಲ್ಲಿಸಿ ಅಳೆದುಬಿಡಬಹುದು.

1984ರ ಆಯ್ಕೆ ಇದಕ್ಕೆ ಎಲ್ಲರೂ ಹೇಳುವ ದೃಷ್ಟಾಂತ. ಮೊದಲ ಆಯ್ಕೆಯ ಹ್ಯೂಸ್ಟನ್ ತಂಡ ಆರಿಸಿದ್ದು ನೈಜೀರಿಯಾದ ಲಾಗೋಸ್ ನಗರದಲ್ಲಿ ಹುಟ್ಟಿದ ಹಕೀಂ ಒಲಾಜುವಾನನನ್ನು. ಎರಡನೆಯ ಸರದಿ ಪೋರ್ಟ್‌ಲೆಂಡ್ ತಂಡದ್ದು. ಕ್ಲೈಡ್ ಡ್ರೆಕ್ಸ್‌ಲರ್ ಎಂಬ ಒಳ್ಳೆಯ ಆಟಗಾರ ಆ ತಂಡದಲ್ಲಿ ಆಗಲೇ ಇದ್ದುದರಿಂದ, ಅವನ ಬಗೆಯ ಇನ್ನೊಬ್ಬನು ಬೇಡ, ದೊಡ್ಡಾಳೇ ಬೇಕು ಎಂದು ಅವರು ನಿಶ್ಚಯಿಸಿದ್ದರು. ಏಳಡಿ ಒಂದಂಗುಲದ ಸ್ಯಾಮ್ ಬೋವಿಯನ್ನು ಕೂಗಿದರು. ಮೂರನೆಯವನಾಗಿ ಷಿಕಾಗೋ ತಂಡಕ್ಕೆ ಉಳಿದವನು ಮೈಕೇಲ್ ಜೋರ್ಡನ್. ಮುಂದಿನ ಕಥೆ ಜಗತ್ತಿಗೇ ತಿಳಿದುದು.

ಬೋವಿಗೆ ಆಟ ಬರುತ್ತಿರಲಿಲ್ಲವೆಂದಲ್ಲ. ಅವನ ಎಡಗಾಲಿನ ಮೂಳೆ ಬಿರುಕುಬಿಟ್ಟು, ಕಾಲೇಜಿನಲ್ಲಿ ಎರಡು ವರ್ಷಗಳ ಆಟವೇ ತಪ್ಪಿಹೋಗಿದ್ದಿತು. ಪೋರ್ಟ್‌ಲೆಂಡಿನ ವೈದ್ಯರು ಆ ಕಾಲನ್ನು ಪರೀಕ್ಷಿಸದೆಯೂ ಬಿಡಲಿಲ್ಲ. ಚಿಕ್ಕ ಸುತ್ತಿಗೆಯಿಂದ ಮೂಳೆಯ ಮೇಲೆ ತಟ್ಟಿ, ನೋವಾಗುತ್ತದೆಯೇ ಎಂದು ಕೇಳಿದರು. ಏನೂ ಆಗುವುದಿಲ್ಲವೆಂದನಂತೆ ಬೋವಿ. ಒಳಗೆ ನೋವಿದ್ದಿತೆಂದು ಅವನೇ ತಿಳಿಸಿದ್ದು 2012ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ. ಪ್ರೀತಿಪಾತ್ರರಾದವರಿಗೆ ಅಗತ್ಯಗಳಿರುವಾಗ ಯಾರಾದರೂ ಹೀಗೆಯೇ ಮಾಡುತ್ತಿದ್ದರೆಂಬುದು ಅವನು ಕೊಟ್ಟ ಕಾರಣ. 1985ರಿಂದ ಮುಂದೆ ಅವನ ಕಾಲಿನ ಮೂಳೆಗಳು ಮತ್ತೆ ಮತ್ತೆ ಮುರಿದವು. ಆದರೂ ಛಲ ಬಿಡದೆ ಒಟ್ಟು ಹತ್ತು ಋತುಗಳನ್ನು ಆಡಿದನು. ಜನ ಮಾತ್ರ ಅವನನ್ನು ನೆನೆಯುವುದು ಜೋರ್ಡನನಿಗಿಂತ ಮೊದಲು ಆಯ್ಕೆಯಾದವನೆಂದು, ಅದೂ ನಗುತ್ತ.

ಸಂತೆಗೂ ಡ್ರಾಫ್ಟಿಗೂ ಇರುವ ಭೇದ ಇಲ್ಲಿ ಗೋಚರಿಸುತ್ತದೆ. ಎತ್ತು ಸುಳ್ಳು ಹೇಳಲಾರದು; ಕುಂಟುವುದಾದರೆ ಕುಂಟುತ್ತದೆ. ಸುಳ್ಳು ಹೇಳುವವನು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿ. ಆಯ್ಕೆಗೆ ನಿಂತ ತರುಣನಾದರೋ ತಾನೇ ಎತ್ತು, ತಾನೇ ದಲ್ಲಾಳಿ. ಮನೆಯ ಬಡತನ ಹಿಂದಿನಿಂದ ನೂಕುತ್ತಿರುವಾಗ, ಕಾಲು ನೋಯುತ್ತದೆಯೇ ಎಂದು ಕೇಳಿದರೆ ಅವನು ನಿಜವನ್ನು ನುಡಿಯುವನೆಂದು ನೆಚ್ಚುವುದು ಹೇಗೆ?

ಪೋರ್ಟ್‌ಲೆಂಡಿನ ದುರ್ದೈವ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಮೊದಲ ಆಯ್ಕೆಯೇ ಅದಕ್ಕೆ ದೊರೆತಾಗ, ಏಳಡಿಯ ಗ್ರೆಗ್ ಓಡನ್‌ನನ್ನು ಆರಿಸಿ ಕೆವಿನ್ ಡ್ಯುರಾಂಟನನ್ನು ಬಿಟ್ಟುಕೊಟ್ಟಿತು. ಆ ಸೆಪ್ಟೆಂಬರಿನಲ್ಲಿಯೇ ಓಡನ್‌ನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಮೊದಲ ಋತುವೆಲ್ಲ ಕಳೆಯಿತು. ಅವನು ಎನ್.ಬಿ.ಎ.ಯಲ್ಲಿ ಆಡಿದ ಆಟಗಳು ಎಲ್ಲ ಸೇರಿ 105. ಅಷ್ಟು ಭಾರದ ಶರೀರವು ಹಾರಿ ಹಾರಿ ಇಳಿಯುವಾಗ ಹೊರೆಯೆಲ್ಲ ಮೊಣಕಾಲಿಗೆ, ಪಾದದ ಸಣ್ಣ ಮೂಳೆಗಳಿಗೆ ಬೀಳುತ್ತದೆ. ಏಳಡಿ ಆರಂಗುಲದ ಚೀನದ ಯಾವ್ ಮಿಂಗ್ 2002ರಲ್ಲಿ ಮೊದಲಿಗನಾಗಿ ಆಯ್ಕೆಯಾಗಿ ಹೆಸರು ಗಳಿಸಿದವನು. ಅವನೂ ಪಾದದ ಗಾಯಗಳಿಂದಾಗಿ 2011ರಲ್ಲಿಯೇ ನಿವೃತ್ತನಾಗಬೇಕಾಯಿತು.

ಇದರ ಮತ್ತೊಂದು ಮುಖವನ್ನೂ ನೋಡತಕ್ಕದ್ದು. ಸರ್ಬಿಯಾ ದೇಶದ ಸೋಂಬರ್ ಎಂಬ ಊರಿನ ನಿಕೋಲಾ ಯೋಕಿಚ್ 2014ರ ಆಯ್ಕೆಯಲ್ಲಿ 41ನೆಯವನು. ಅವನ ಹೆಸರು ಬಂದ ಗಳಿಗೆಯಲ್ಲಿ ಅಮೆರಿಕದ ದೂರದರ್ಶನದಲ್ಲಿ ತಿಂಡಿಯ ಜಾಹೀರಾತು ನಡೆಯುತ್ತಿದ್ದಿತು. ಮೈ ಮೆತ್ತಗೆ, ಓಟ ನಿಧಾನ, ಜಿಗಿತ ಅಲ್ಪ. ಆದರೆ ಚೆಂಡು ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತು. ಅವನು 2021, 2022, 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆನಿಸಿ, 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿ ತಂದನು. ಬೆನ್ ವಾಲೆಸನನ್ನು 1996ರಲ್ಲಿ ಯಾರೂ ಆರಿಸಲೇ ಇಲ್ಲ. ಆ ಮನುಷ್ಯ ಮುಂದೆ ನಾಲ್ಕು ಸಲ ಶ್ರೇಷ್ಠ ರಕ್ಷಕನೆನಿಸಿದನು. ಇಂತಹ ಗುಣಗಳು ಅಳತೆಪಟ್ಟಿಗೆ ಸಿಕ್ಕವಲ್ಲ.

ಹಾಗಾದರೆ ದೊಡ್ಡಾಳಿನಲ್ಲಿ ನೋಡಬೇಕಾದುದು ಏನು? ಮೊದಲನೆಯದು ಪಾದ. ಒಂದು ಕಾಲನ್ನು ಊರಿ ಇನ್ನೊಂದರಿಂದ ಸುತ್ತ ತಿರುಗಬಲ್ಲನೇ, ಸಣ್ಣಾಳಿನ ಎದುರಿನಲ್ಲಿ ಅಡ್ಡಡ್ಡ ಸರಿಯಬಲ್ಲನೇ? ಒಲಾಜುವಾನನ ಪಾದಗಳ ಚಮತ್ಕಾರ ಪ್ರಸಿದ್ಧವಾದುದು. ಅದಕ್ಕೆ ಅಡಿಪಾಯ ಅವನು ಚಿಕ್ಕಂದಿನಲ್ಲಿ ಆಡಿದ ಕಾಲ್ಚೆಂಡು, ಹ್ಯಾಂಡ್‌ಬಾಲ್ ಆಟಗಳು. ಎರಡನೆಯದು ಕೈ: ವೇಗವಾಗಿ ಬಂದ ಚೆಂಡು ಅಂಗೈಯಲ್ಲಿ ನಿಲ್ಲುತ್ತದೆಯೇ? ಮೂರನೆಯದು ತೋಳುಗಳ ಹರವು. ಚೆಂಡನ್ನು ತಡೆಯುವುದು ನೆತ್ತಿಯಲ್ಲ, ಬೆರಳ ತುದಿ. ನಾಲ್ಕನೆಯದು ಎರಡನೆಯ ಜಿಗಿತ. ಒಮ್ಮೆ ಹಾರಿ ಇಳಿದವನು ತಡವಿಲ್ಲದೆ ಮತ್ತೆ ಹಾರಬಲ್ಲನೇ? ಐದನೆಯದು ದೂರದಿಂದ ಗುರಿಯಿಡುವ ಮೃದುವಾದ ಕೈವಾಡ. 1979–80ರ ಋತುವಿನಲ್ಲಿ ಎನ್.ಬಿ.ಎ. ಮೂರು ಅಂಕಗಳ ಗೆರೆಯನ್ನು ಎಳೆಯಿತು. ಕ್ರಮೇಣ ಆಟವೆಲ್ಲ ಬಳೆಯ ಬುಡದಿಂದ ಆ ಗೆರೆಯ ಕಡೆಗೆ ಸರಿಯಿತು. ಬಳೆಯ ಕೆಳಗೆ ಕಂಬದಂತೆ ನಿಲ್ಲುವವನನ್ನು ಹೊರಗೆಳೆದು ಓಡಿಸುವುದೇ ಎದುರಾಳಿಯ ತಂತ್ರವಾಯಿತು. ಕಂಬಕ್ಕೆ ಕಾಲು ಬೇಕಾಯಿತು.

ಗದುಗಿನ ವಾಚಕರಿಗೆ ಈ ತರ್ಕ ಹೊಸದಲ್ಲ. ಭಾರತದ ದೊಡ್ಡಾಳೆಂದರೆ ಭೀಮಸೇನ. ಪರ್ವತದಂಥ ಮೈಯವನಾದರೂ ಅವನು ವಾಯುಪುತ್ರ; ಗಾಳಿಯ ಕಾಲುಳ್ಳವನು. ಅಷ್ಟಿದ್ದೂ ಕುರುಕ್ಷೇತ್ರದ ಕಡೆಯಲ್ಲಿ, ವ್ಯಾಸರ ಭಾರತದ ಶ್ರೀಕೃಷ್ಣನು ಭೀಮ-ದುರ್ಯೋಧನರನ್ನು ತೂಗಿ ನೋಡುವಾಗ ಭೀಮನ ಕಡೆಗೆ ಬಲವನ್ನೂ ಕೌರವನ ಕಡೆಗೆ ಅಭ್ಯಾಸವನ್ನೂ ಇಟ್ಟು, ಬಲಶಾಲಿಗಿಂತ ಅಭ್ಯಾಸಿಯೇ ಮೇಲೆಂದು ಆತಂಕಪಡುತ್ತಾನೆ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದ ಕಾವ್ಯ ಮುಗಿಯುವುದೂ ಗದಾಪರ್ವದಲ್ಲಿಯೇ. ಜಗತ್ತಿನ ಅತ್ಯಂತ ಪ್ರಸಿದ್ಧ ದೊಡ್ಡಾಳಿನ ವಿಷಯದಲ್ಲಿಯೂ ಗಾತ್ರವೊಂದನ್ನೇ ನಂಬಲು ಶ್ರೀಕೃಷ್ಣನು ಒಪ್ಪಲಿಲ್ಲವೆಂಬುದು ಗಮನಾರ್ಹ.

ಭಾರತದಲ್ಲಿ ಹುಟ್ಟಿ ಈ ಆಯ್ಕೆಯಲ್ಲಿ ಹೆಸರು ಕೂಗಿಸಿಕೊಂಡ ಮೊದಲಿಗನು ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಂ ಸಿಂಗ್. ತಂದೆಯೂ ಏಳಡಿಯ ಎತ್ತರದ ರೈತ. ಲುಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿಯಲ್ಲಿ ಕಲಿತ ಹುಡುಗ 2010ರಲ್ಲಿ, ಇಂಗ್ಲಿಷ್ ನೆಟ್ಟಗೆ ಬಾರದ ವಯಸ್ಸಿನಲ್ಲಿ, ಫ್ಲಾರಿಡಾದ ತರಬೇತಿ ಶಾಲೆಗೆ ಹೋದನು. 2015ರ ಜೂನ್ 25ರಂದು, ಏಳಡಿ ಎರಡಂಗುಲದ ಆ ತರುಣನನ್ನು ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ದೇಶದ ಪತ್ರಿಕೆಗಳೆಲ್ಲ ಹಿಗ್ಗಿದವು. ಚೆಂಡೆಸೆಯುವ ಕೈ ಮೃದುವಾದುದೆಂದು ಬಲ್ಲವರು ಮೆಚ್ಚಿದರು. ಕಾಲು ನಿಧಾನವೆಂದೂ ಅವರೇ ಹೇಳಿದರು. ಕಾಲಿನ ಮಾತೇ ಗೆದ್ದಿತು. ಡಲ್ಲಾಸಿನ ಕೆಳಹಂತದ ತಂಡದಲ್ಲಿ ಎರಡು ಋತು ಕಳೆದರೂ ಎನ್.ಬಿ.ಎ.ಯ ಒಂದು ಆಟವನ್ನೂ ಅವನು ಆಡಲಾಗಲಿಲ್ಲ. 2022ರಲ್ಲಿ ಅಮೆರಿಕದ ವೃತ್ತಿ ಕುಸ್ತಿಯ ಪ್ರದರ್ಶನಗಳಲ್ಲಿ ಕಾಣಿಸಿಕೊಂಡು ಹೊಸ ಬಾಳನ್ನು ಕಟ್ಟಿಕೊಂಡನು. ಇದನ್ನು ಸೋಲೆಂದು ಬಗೆಯುವುದು ನ್ಯಾಯವಲ್ಲ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ತಾನೇ ತೆರೆದುಕೊಂಡವನು ಅವನು. ಆದರೆ ಎಲ್ಲ ಎತ್ತರದ ಹುಡುಗರಿಗೂ ಎರಡನೆಯ ಬಾಗಿಲು ದೊರೆಯುವುದಿಲ್ಲ.

ಕರ್ನಾಟಕದಲ್ಲಿಯೂ ಕ್ರೀಡಾಶಾಲೆಗಳಿಗೆ, ಕ್ರೀಡಾನಿಲಯಗಳಿಗೆ ಸಣ್ಣ ವಯಸ್ಸಿನ ಮಕ್ಕಳನ್ನು ಆರಿಸುವುದುಂಟು. ಅಲ್ಲಿಯೂ ಎತ್ತರವನ್ನು ಅಳೆಯುತ್ತಾರೆ, ಅಳೆಯಬೇಕಾದುದೇ. ಹಳ್ಳಿಯ ಶಾಲೆಯಲ್ಲಿ ಎಲ್ಲರಿಗಿಂತ ಒಂದು ಮೊಳ ಎತ್ತರವಾಗಿ ಹಿಂದಿನ ಸಾಲಿನಲ್ಲಿ ಬೆನ್ನು ಬಾಗಿಸಿ ನಾಚುತ್ತ ನಿಲ್ಲುವ ಹುಡುಗನಿಗೆ, ಆ ಎತ್ತರಕ್ಕೂ ಒಂದು ಉಪಯೋಗವುಂಟೆಂದು ತಿಳಿಸಿಕೊಡುವ ಶಿಕ್ಷಕನು ಅವನಿಗೆ ಮಾಡುವ ಉಪಕಾರ ಸಣ್ಣದಲ್ಲ. ಆದರೆ ಅಳೆಯುವವನು ಅಷ್ಟಕ್ಕೇ ನಿಲ್ಲಬಾರದು. ಹುಡುಗನ ಹೆಜ್ಜೆಯನ್ನು ನೋಡಬೇಕು. ಬೆಳೆಯುವ ಮೂಳೆಗೆ ಹೊರೆ ಮಿತಿಮೀರದಂತೆ ಕಾಯಬೇಕು. ಕಾಲು ನೋಯುತ್ತದೆಂದು ಅಂಜದೆ ಹೇಳುವಂಥ ಸಲುಗೆಯನ್ನು ಕೊಡಬೇಕು; ನೋವನ್ನು ಒಪ್ಪಿಕೊಂಡ ಮಾತ್ರಕ್ಕೆ ಮನೆಗೆ ಕಳುಹಿಸುವುದಿಲ್ಲವೆಂಬ ಭರವಸೆಯಿಲ್ಲದಿದ್ದರೆ ಯಾವ ಬಡವರ ಮಗನೂ ನೋವನ್ನು ಹೇಳಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಟ ಕೈಹಿಡಿಯದಿದ್ದ ಪಕ್ಷದಲ್ಲಿ ಅನ್ನಕ್ಕೆ ದಾರಿಯಾಗುವಷ್ಟು ಓದನ್ನು ಅದರ ಜೊತೆಯಲ್ಲಿಯೇ ಕೊಡಿಸಬೇಕು.

ಹೊಂದದ ಎತ್ತನ್ನು ರೈತನು ಮರುವಾರ ಅದೇ ಸಂತೆಗೆ ಹೊಡೆದುಕೊಂಡು ಹೋಗಿ, ನೂರೋ ಸಾವಿರವೋ ನಷ್ಟಕ್ಕೆ ಮಾರಿ ಬರಬಹುದು. ಹನ್ನೆರಡನೆಯ ವಯಸ್ಸಿನಲ್ಲಿ ಮನೆ ಬಿಡಿಸಿ ಕರೆದೊಯ್ದ ಹುಡುಗನ ಹತ್ತು ವರ್ಷಗಳನ್ನು ಯಾವ ಸಂತೆಯೂ ಹಿಂದಕ್ಕೆ ಕೊಡಲಾರದು.